ಓಟದ ಶೂಗಳ ಚೀಲ

ಮೂಡಲಪಾಳ್ಯದ ಮೈದಾನದಲ್ಲಿ ಮಕ್ಕಳಿಗೆ ಓಟ ಕಲಿಸುವ ಕೋಚ್ ಒಬ್ಬರಿದ್ದರು. ಮಕ್ಕಳ ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತುವಾಗ ಅವರು ಕಾಲು ನೋಡುತ್ತಿರಲಿಲ್ಲ, ನೋವಿದೆಯೇ ಎಂದು ಮುಖ ನೋಡುತ್ತಿದ್ದರು. ಪಂದ್ಯಗಳು ಮುಗಿದ ಮೇಲೆ ಒಂದು ತಿಂಗಳು ಓಟ ಬಂದ್. ಎಲ್ಲರ ಶೂಗಳನ್ನೂ ಗೋಣಿಚೀಲಕ್ಕೆ ತುಂಬಿ, ಮೈದಾನದ ಪಕ್ಕದ ನಮ್ಮ ಮನೆಯಲ್ಲಿಡುತ್ತಿದ್ದರು. "ಮಲಗೋದೂ ಪ್ರಾಕ್ಟೀಸೇ ಅಜ್ಜಿ" ಎನ್ನುತ್ತಿದ್ದರು.

ನನಗದು ಸೋಮಾರಿತನವಾಗಿ ಕಂಡಿತು. ಬೇರೆ ಮಕ್ಕಳು ಮುಂದೆ ಹೋಗಿಬಿಟ್ಟರೆ ಎಂದು ಹೆದರಿ, ಒಂದು ವರ್ಷ ನಾನೇ ಚೀಲ ಬಿಚ್ಚಿ, ಅವರಲ್ಲೇ ಕಲಿಯುತ್ತಿದ್ದ ನನ್ನ ಮೊಮ್ಮಗಳ ಶೂ ತೆಗೆದುಕೊಟ್ಟೆ. ಹದಿಮೂರು ವರ್ಷದ ಹುಡುಗಿ ದಿನಾ ಬೆಳಿಗ್ಗೆ ಜ್ಞಾನಭಾರತಿಯ ರಸ್ತೆಯಲ್ಲಿ ಓಡಿದಳು. ಮೂರನೇ ವಾರ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯತೊಡಗಿದಳು. ಕಾಲು ನೋವಾ ಎಂದು ಕೇಳಿದೆ.

"ಏನಿಲ್ಲ ಬಿಡಜ್ಜಿ, ಕೋಚ್ ಸಾರ್‌ಗೆ ಹೇಳ್ಬೇಡ" ಅಂದಳು. ನಾನೂ ಹೇಳಲಿಲ್ಲ.

ತಿಂಗಳು ಮುಗಿದು ಕೋಚ್ ಬಂದರು, ಅವಳ ಕಾಲಿಗೆ ಹೆಬ್ಬೆರಳಿಟ್ಟು ಒತ್ತಿದರು. ಮೊಮ್ಮಗಳು ಹುಬ್ಬೂ ಅಲುಗಿಸಲಿಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು.

"ಎಷ್ಟು ದಿನದಿಂದ ಓಡಿಸ್ತಿದೀರ ಅಜ್ಜಿ?"

ಎಕ್ಸ್‌ರೇಯಲ್ಲಿ ಮೂಳೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಇನ್ನೊಂದು ವಾರ ಓಡಿದ್ದರೆ ಮುರಿಯುತ್ತಿತ್ತಂತೆ. ಆ ವರ್ಷ ಅವಳು ಒಂದು ಪಂದ್ಯವನ್ನೂ ಓಡಲಿಲ್ಲ.

ಮರುವರ್ಷ ಕೋಚ್ ಚೀಲ ಹೊತ್ತು ಮತ್ತೆ ನಮ್ಮ ಬಾಗಿಲಿಗೇ ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಬೇಡಪ್ಪ, ಮತ್ತೆ ಬಿಚ್ಚಿಬಿಟ್ರೆ ಅಂತ ನಂಗೆ ಹೆದ್ರಿಕೆ."

"ಅದಕ್ಕೇ ನಿಮ್ಮನೇಲಿ ಇಡ್ತಿರೋದು" ಎಂದು ಚೀಲ ಇಳಿಸಿ ಹೋದರು.

ಆ ತಿಂಗಳು ಪೂರ್ತಿ ಚೀಲದ ಗಂಟು ಬಿಗಿಯಾಗಿದೆಯೇ ಎಂದು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿದೆ.