ಹಲ್ಲಿನ ಡಾಕ್ಟ್ರ ಮೀನಿಗೆ ಒಂದಿಂಚು ಪೈಪು

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪಂಪಿನ ಗುತ್ಯಪ್ಪನ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ನಗು ಅವನು ಹೇಳುವ ಕತೆಗಳಿಗೆ. ಕೆಲಸದ ವಿಷಯಕ್ಕೆ ಬಂದರೆ ಯಾರೂ ನಗುವುದಿಲ್ಲ. ಜಡೆ ಊರಿನ ಕಡೆಯ ಗದ್ದೆಗಳಿಂದ ಹಿಡಿದು ಶಿಕಾರಿಪುರದ ಮಗ್ಗುಲಿನ ತೋಟಗಳವರೆಗೆ ಅವನು ಇಳಿಸದ ಮೋಟರಿಲ್ಲ, ಎತ್ತದ ಪೈಪಿಲ್ಲ. ಈಗ ವಯಸ್ಸು ಅರವತ್ತೇಳು. ಎಲೆಕ್ಷನ್ ಕಾರ್ಡಿನಲ್ಲಿ ಅರವತ್ತನಾಲ್ಕು ಎಂದಿದೆ, ಆ ಮೂರು ವರ್ಷ ಬಾವಿಯೊಳಗೇ ಕಳೆದಿದ್ದರಿಂದ ಸರ್ಕಾರದವರ ಕಣ್ಣಿಗೆ ಬಿದ್ದಿಲ್ಲ ಎನ್ನುತ್ತಾನೆ.

ಹದಿನಾರನೇ ವಯಸ್ಸಿನಲ್ಲಿ ಡೀಸೆಲ್ ಇಂಜಿನ್ನಿನ ಹ್ಯಾಂಡಲ್ ತಿರುಗಿಸುವ ಕೆಲಸಕ್ಕೆ ಸೇರಿದ. ಮೊದಲ ವಾರವೇ ಹ್ಯಾಂಡಲ್ ಹಿಂದಕ್ಕೆ ಒದ್ದು ಮುಂದಿನ ಎರಡು ಹಲ್ಲು ಹಾರಿಹೋದವು. ಅಲ್ಲಿಂದ ಐವತ್ತು ವರ್ಷ ಅವನ ಮಾತಿನ ಜೊತೆ ಒಂದು ಸಿಳ್ಳೆಯೂ ಹೊರಡುತ್ತಿತ್ತು. ಹೋದ ವರ್ಷ ಹಲ್ಲಿನ ಡಾಕ್ಟರು ನರ್ಮದಾ ಆ ಜಾಗಕ್ಕೆ ಎರಡು ಹಲ್ಲು ಕಟ್ಟಿಸಿಕೊಟ್ಟ ಮೇಲೆ ಸಿಳ್ಳೆ ನಿಂತಿತು. ಕತೆ ನಿಲ್ಲಲಿಲ್ಲ.

ಅವನ ಕತೆಗಳಲ್ಲೆಲ್ಲ ನೀರು ಹಾರುತ್ತದೆ. ಅಂಬ್ಲಿಗೊಳ ಡ್ಯಾಮಿನ ಕೆಳಗಿನ ಒಂದು ತೋಟದಲ್ಲಿ ಅವನು ಮೋಟರು ಶುರು ಮಾಡಿದ ದಿನ ಪೈಪಿನಿಂದ ಹೊರಟ ನೀರು ಎಷ್ಟು ಬಿಗಿಯಾಗಿತ್ತೆಂದರೆ, ಎರಡು ಕೊಕ್ಕರೆಗಳು ಅದರ ಮೇಲೆ ಕಾಲಿಟ್ಟುಕೊಂಡು ಕಾಲುಸಂಕದ ಮೇಲೆ ನಡೆದ ಹಾಗೆ ಆಚೆ ಗದ್ದೆಗೆ ದಾಟಿಹೋದವಂತೆ. ಹೋದ ಸಲ ಹೇಳುವಾಗ ಒಂದೇ ಕೊಕ್ಕರೆ ಇತ್ತಲ್ಲ ಎಂದು ಹೆಂಡತಿ ವನಜಮ್ಮ ಒಳಗಿನಿಂದ ಕೇಳಿದಳು.

"ಅದಕ್ಕೂ ಒಂದು ಸಂಸಾರ ಆಗ್ಬ್ಯಾಡ್ವೇನೇ?" ಎಂದ ಗುತ್ಯಪ್ಪ.

ನೀರು ಹಾರಿಸುವ ಈ ಹುಚ್ಚು ಅವನೊಬ್ಬನದಲ್ಲ. ಹೊಸ ಮೋಟರು ಶುರುವಾಗುವ ದಿನ ಮನೆಮಂದಿಯೆಲ್ಲ ತೋಟಕ್ಕೆ ಬರುತ್ತಾರೆ. ಪೈಪಿನ ಬಾಯಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಿಚ್ ಒತ್ತುತ್ತಾರೆ. ಆಮೇಲೆ ಎಲ್ಲರ ಕಣ್ಣೂ ನೀರು ಎಷ್ಟು ದೂರ ಹೋಗಿ ಬಿತ್ತು ಎನ್ನುವುದರ ಮೇಲೆ. ತೊಟ್ಟಿ ಎಷ್ಟು ಹೊತ್ತಿಗೆ ತುಂಬಿತು ಎಂದು ಯಾವ ಯಜಮಾನನೂ ಗಡಿಯಾರ ನೋಡಿದ್ದಿಲ್ಲ. ಹಾಗಾಗಿ ಗುತ್ಯಪ್ಪನೂ ಒಂದು ಉಪಾಯ ಕಲಿತಿದ್ದ. ಕೊನೆಯಲ್ಲಿ ಒಂದು ಸಣ್ಣ ಪೈಪಿನ ತುಂಡು ಸಿಕ್ಕಿಸಿಬಿಡುವುದು. ಬಾಯಿ ಕಿರಿದಾದರೆ ನೀರು ಚಿಮ್ಮುತ್ತದೆ, ಯಜಮಾನ ಹಿಗ್ಗುತ್ತಾನೆ, ಊಟಕ್ಕೆ ಹೋಳಿಗೆ ಬರುತ್ತದೆ. ಒಮ್ಮೆ ಮಾಡಿದ ಕೆಲಸಕ್ಕೆ ತನ್ನನ್ನು ಯಾರೂ ಎರಡನೇ ಸಲ ಕರೆದಿಲ್ಲ ಎನ್ನುವುದು ಅವನು ಹೇಳಿಕೊಳ್ಳುವ ಮಾತುಗಳಲ್ಲಿ ನಿಜವಾದ ಒಂದೇ ಒಂದು.

ಈ ಏಪ್ರಿಲ್‌ನಲ್ಲಿ ನರ್ಮದಾ ಡಾಕ್ಟರು ಕ್ಲಿನಿಕ್ಕನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಕಟ್ಟಡಕ್ಕೆ ಬದಲಾಯಿಸಿದರು. ಜೊತೆಗೆ ಅವರ ಮೀನಿನ ತೊಟ್ಟಿಯೂ ಬಂತು. ಐದಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಒಂಬತ್ತು ಗೋಲ್ಡ್ ಫಿಶ್. ಕೆಲವು ಅಂಗೈಗಿಂತ ದೊಡ್ಡವು, ಹತ್ತು ವರ್ಷದಿಂದ ಸಾಕಿದವು. ಹಲ್ಲು ಕೀಳಿಸಿಕೊಳ್ಳಲು ಬಂದವರು ಒಳಗಿನ ಮೆಷಿನ್ನಿನ ಸದ್ದಿಗೆ ಎದ್ದು ಓಡಿಹೋಗದೆ ಕೂತಿರುವುದು ಅವುಗಳಿಂದಲೇ ಎಂದು ಡಾಕ್ಟರು ನಂಬಿದ್ದರು. ತೊಟ್ಟಿಯ ನೀರು ತುಂಬಿ ಒಂದು ಕೊಳವೆಯಲ್ಲಿ ಕೆಳಗಿಳಿದು, ಕಲ್ಲು, ಸ್ಪಂಜು ತುಂಬಿದ ಪೆಟ್ಟಿಗೆಯೊಂದರಲ್ಲಿ ಸೋಸಿಕೊಳ್ಳುತ್ತದೆ. ಆ ಪೆಟ್ಟಿಗೆಯೊಳಗಿನ ಸಣ್ಣ ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹಳೆಯ ಜಾಗದಲ್ಲಿ ಪೆಟ್ಟಿಗೆ ತೊಟ್ಟಿಯ ಅಡಿಯಲ್ಲೇ ಇತ್ತು. ಇಲ್ಲಿ ಅಡಿಯಲ್ಲಿ ಜಾಗವಿಲ್ಲದೆ ಹಿಂದಿನ ಕೈತೊಳೆಯುವ ಕೋಣೆಯಲ್ಲಿ ಇಡಬೇಕಾಯಿತು. ಮಧ್ಯೆ ಹನ್ನೆರಡು ಅಡಿ ಪೈಪು ಎಳೆಯಬೇಕು.

ಹಲ್ಲಿನ ಋಣ ತೀರಿಸುವ ಹುಮ್ಮಸ್ಸಿನಲ್ಲಿ ಗುತ್ಯಪ್ಪ ತಾನೇ ಮುಂದೆ ಬಿದ್ದು ಒಪ್ಪಿಕೊಂಡ. ಕ್ಲಿನಿಕ್ಕಿಗೆ ರಜೆಯಿದ್ದ ಭಾನುವಾರ ಬೆಳಿಗ್ಗೆಯೇ ಬಂದು ಕೂತ. ಪಂಪಿನ ಬಾಯಿ ಮುಕ್ಕಾಲಿಂಚು. ಇಷ್ಟು ಸಣ್ಣ ಪಂಪು ದೂರ ತಳ್ಳಬೇಕಾದರೆ ನೀರು ಬಿಗಿಯಾಗಬೇಕು ಎಂದುಕೊಂಡು ಅರ್ಧ ಇಂಚಿನ ಪೈಪು ಹಾಕಿದ. ಸಿಂಕಿನ ಸುತ್ತ, ಬಾಗಿಲ ಚೌಕಟ್ಟಿನ ಪಕ್ಕ, ಗೋಡೆಯ ಮೂಲೆಗೆ ಸರಿಯಾಗಿ ಪೈಪು ತಿರುಗಲು ಏಳು ಎಲ್ಬೋ ಕೂರಿಸಿದ. ಅಂಟು ಒಣಗಿದ ಮೇಲೆ ಸಂಜೆ ಸ್ವಿಚ್ ಹಾಕಿದರೆ ನೀರು ತೊಟ್ಟಿಯ ಅರ್ಧದವರೆಗೆ ಬಾಣದ ಹಾಗೆ ಚಿಮ್ಮಿತು. ಡಾಕ್ಟರು ಚಪ್ಪಾಳೆ ತಟ್ಟಿದರು. ಗುತ್ಯಪ್ಪ ಕೊಕ್ಕರೆಯ ಕತೆ ಹೇಳಿ ಮನೆಗೆ ಹೋದ.

ಮಂಗಳವಾರ ಹತ್ತು ಗಂಟೆಗೆ ಫೋನು ಬಂತು. ಕ್ಲಿನಿಕ್ಕಿನ ರಮ್ಯ ಮಾಡಿದ್ದಳು. ಅವಳೇ ಅಲ್ಲಿ ಚೀಟಿ ಬರೆಯುವವಳು, ಅವಳೇ ಡಾಕ್ಟರ ಕೈಗೆ ಸಾಮಾನು ಕೊಡುವವಳು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ, ಬೇಗ ಬರಬೇಕಂತೆ.

ಗುತ್ಯಪ್ಪ ಹೋಗಿ ನೋಡಿದಾಗ ಒಂಬತ್ತೂ ಮೀನು ನೀರಿನ ಮೇಲ್ಮೈಗೆ ಮೂತಿ ಹಚ್ಚಿ ನಿಂತಿದ್ದವು. ನೀರು ಚಿಮ್ಮುತ್ತಲೇ ಇತ್ತು, ಆದರೆ ಕಿರುಬೆರಳಿನಷ್ಟು ತೆಳ್ಳಗೆ. ಮಿಕ್ಕ ತೊಟ್ಟಿಯೆಲ್ಲ ಕೆರೆಯ ಮೂಲೆಯ ಹಾಗೆ ಮಂಕಾಗಿತ್ತು. ರಮ್ಯ ಸ್ಟೂಲಿನ ಮೇಲೆ ನಿಂತು, ಜಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದಳು. ಹಾಗೆ ಮಾಡಿದರೆ ನೀರಿಗೆ ಗಾಳಿ ಸೇರುತ್ತದೆಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆಯಿಂದ ಸುರಿದು ಅವಳ ಕೈ ಸೋತುಹೋಗಿತ್ತು.

ಡಾಕ್ಟರು ಕೈಗವಸು ಬಿಚ್ಚುತ್ತ ಹೊರಗೆ ಬಂದರು. ತೊಟ್ಟಿ ಹಿಡಿಯುವುದು ನಾನೂರು ಲೀಟರು, ಗಂಟೆಗೆ ಐದು ಸಲವಾದರೂ ಆ ನೀರು ಪೂರ್ತಿ ಸೋಸಿ ಬರಬೇಕು, ಈಗ ಅದರ ಅರ್ಧವೂ ಬರುತ್ತಿಲ್ಲ ಎಂದು ವಿವರಿಸಿದರು. ದೂರ ಹೆಚ್ಚಾದ್ದಕ್ಕೆ ಪಂಪು ಸಾಲುತ್ತಿಲ್ಲವೇನೋ, ಶಿವಮೊಗ್ಗದಿಂದ ದೊಡ್ಡದು ತರಿಸುವುದಾದರೆ ನಾಳೆ ಮಧ್ಯಾಹ್ನ ಬರುತ್ತದೆ. ಅಲ್ಲಿಯವರೆಗೆ ಇವು ಉಳಿಯುವುದು ಅನುಮಾನ ಎಂದರು.

ಬೆಂಚಿನ ಮೇಲೆ ಶಿಕಾರಿಪುರ ಕಡೆಯ ಜಯಪ್ಪ ಕೂತಿದ್ದ. ದವಡೆ ಊದಿ ಮುಖದ ಒಂದು ಕಡೆ ತೆಂಗಿನಕಾಯಿ ಇಟ್ಟ ಹಾಗಾಗಿತ್ತು. ಅವನ ತೋಟದ ಮೋಟರು ಗುತ್ಯಪ್ಪನೇ ಕೂರಿಸಿದ್ದು. ನೋವಿದ್ದರೂ ಚುಚ್ಚುವ ಅವಕಾಶ ಬಿಡುವ ಆಳಲ್ಲ.

"ಏನಪಾ ಗುತ್ಯಪ್ಪ, ಎಲ್ಡನೇ ಸಲ ಕರ್ಸ್ಯಾರಂತ? ನಿನ್ ಕೊಕ್ರಿಗೋಳು ಬಂದು ಮೀನು ತಿಂದ್ ಹೋಗಾದೊಂದು ಬಾಕಿ ಐತಿ ನೋಡು."

ಗುತ್ಯಪ್ಪ ಪೈಪಿನ ತುದಿಗೆ ಅಂಗೈ ಒಡ್ಡಿ ನೋಡಿದ.  ಪಂಪಿಗೆ ತಪ್ಪು ಹೊರಿಸಿ ಮನೆಗೆ ಹೋಗಲು ಮನಸ್ಸು ಒಪ್ಪಲಿಲ್ಲ.

"ಪಂಪು ತರ್ಸಬ್ಯಾಡಿ ಡಾಕ್ಟ್ರಮ್ಮ. ಸಂಜೆ ತನಕ ಟೈಮ್ ಕೊಡಿ. ಒಂಬತ್ತೂ ಮೀನು ಕೆಳಗಿಳಿಯೋ ತನಕ ನಾನು ಇಲ್ಲಿಂದ ಏಳಲ್ಲ."

ತೋಟದಲ್ಲಿ ಕೊನೆಯ ಸಾಲಿಗೆ ನೀರು ಸಾಲದಿದ್ದರೆ ಅವನು ಮೋಟರಿನಿಂದ ಶುರು ಮಾಡಿ ಪೈಪಿನ ಉದ್ದಕ್ಕೂ ನಡೆಯುತ್ತಾನೆ. ಒಂದೊಂದು ಕಡೆ ಬಿಚ್ಚಿ, ನೀರು ಎಲ್ಲಿ ಕಳ್ಳತನವಾಗುತ್ತಿದೆ ಎಂದು ನೋಡುತ್ತಾನೆ. ಹನ್ನೆರಡು ಅಡಿಯಲ್ಲಿ ನಡೆಯುವುದೇನು ಎಂದು ಭಾನುವಾರ ಆ ಕ್ರಮ ಬಿಟ್ಟಿದ್ದ. ಈಗ ಹತ್ತು ಲೀಟರಿನ ಬಕೆಟ್ ತರಿಸಿ, ರಮ್ಯಳನ್ನು ಸ್ಟೂಲಿನಿಂದ ಇಳಿಸಿ, ಅವಳ ಕೈಗೆ ಮೊಬೈಲು ಕೊಟ್ಟು ಸೆಕೆಂಡು ಎಣಿಸಲು ಹೇಳಿದ. ಜಗ್ಗು ಜಯಪ್ಪನ ಕೈಗೆ ಹೋಯಿತು. ಊದಿದ ದವಡೆಯವನು ನೀರು ಸುರಿಯುತ್ತ ನಿಂತ, ಸುಮ್ಮನೆ ಕೂತು ಆಡಿಕೊಳ್ಳುವವರಿಗೆಲ್ಲ ಇದೇ ಗತಿ ಎಂದು ರಮ್ಯ ನಕ್ಕಳು.

ಮೊದಲು ತೊಟ್ಟಿಯ ಕಡೆಯ ತುದಿಗೆ ಬಕೆಟ್ ಹಿಡಿದ. ತುಂಬಲು ನಲವತ್ತು ಸೆಕೆಂಡು. ಆಮೇಲೆ ಪಂಪಿನ ಬಾಯಿಂದ ಪೈಪು ಬಿಚ್ಚಿ ನೇರ ಬಕೆಟ್ಟಿಗೆ ಬಿಟ್ಟ. ಹನ್ನೆರಡೇ ಸೆಕೆಂಡು. ಪಂಪು ಗಟ್ಟಿಯಾಗಿಯೇ ಇದೆ. ಹಾಗಾದರೆ ಎತ್ತರ ತಿನ್ನುತ್ತಿದೆಯೋ ಎಂದು, ಕಾರು ತೊಳೆಯುವ ದಪ್ಪ ಹೋಸ್ ಪೈಪಿನ ಒಂದು ತುಂಡನ್ನು ಪಂಪಿಗೆ ಸಿಕ್ಕಿಸಿ, ತೊಟ್ಟಿಯಷ್ಟೇ ಎತ್ತರಕ್ಕೆ ಹಿಡಿದು, ಕೆಳಗಿನ ಬಕೆಟ್ಟಿಗೆ ಬೀಳಿಸಿದ. ಹದಿನೈದು.

ಗುತ್ಯಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಎತ್ತರ ತಿಂದದ್ದು ಮೂರು ಸೆಕೆಂಡು. ಮಿಕ್ಕ ಇಪ್ಪತ್ತೈದನ್ನೂ ತಿಂದದ್ದು ಅವನ ಸಣ್ಣ ಪೈಪು, ಅವನ ಏಳು ಎಲ್ಬೋ. ನೀರು ಜೋರಾಗಿ ಚಿಮ್ಮಿದ್ದು ಹೆಚ್ಚು ಬಂದದ್ದರಿಂದಲ್ಲ, ಹೊರಬರಲು ಜಾಗ ಸಾಲದೆ ಒದ್ದಾಡಿದ್ದರಿಂದ. ಐವತ್ತು ವರ್ಷದಲ್ಲಿ ತಾನು ಎಷ್ಟು ತೋಟಗಳಲ್ಲಿ ಹೋಳಿಗೆಗೋಸ್ಕರ ಹೀಗೆ ಕತ್ತು ಹಿಚುಕಿದ್ದೇನೆ ಎನ್ನುವ ಲೆಕ್ಕ ತಲೆಯೊಳಗೆ ಶುರುವಾಗುವುದರಲ್ಲಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿ ಎದ್ದ.

"ಪಂಪು ಚಲೋ ಐತೆ ಡಾಕ್ಟ್ರಮ್ಮ," ಎಂದ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. "ಅದ್ರ ಗಂಟ್ಲು ಹಿಡ್ಕೊಂಡೋನು ನಾನು."

ಯಾರೂ ನಗಲಿಲ್ಲ. ಜಯಪ್ಪ ಜಗ್ಗು ಎತ್ತಿದವನು ಎತ್ತಿದ ಹಾಗೇ ನಿಂತ. ಅವನಿಗೆ ತನ್ನ ತೋಟದ ಮೋಟರು ನೆನಪಾಗಿರಬೇಕು.

ಹಾರ್ಡ್‌ವೇರ್ ಅಂಗಡಿಯ ಮಲ್ಲಿಕಾರ್ಜುನ್ ಒಂದಿಂಚಿನ ಪೈಪು ಅಳೆಯುತ್ತ, ಮುಕ್ಕಾಲಿಂಚು ಬಾಯಿಗೆ ಒಂದಿಂಚು ಪೈಪು ಹಾಕಿದರೆ ನೀರು ಸೋಮಾರಿಯಾಗುತ್ತದೆ ಎಂದ. ದಪ್ಪವೇ ಒಳ್ಳೆಯದಾದರೆ ಎರಡಿಂಚೇ ತಗೊಂಡು ಹೋಗು ಎಂದು ಕೆಣಕಿದ.

"ಹನ್ನೆರಡು ಹದಿನೈದಾಗಿದ್ದು ಎತ್ತರದಿಂದ ಮಾರಾಯ. ಅದನ್ನ ಎರಡಿಂಚೂ ವಾಪಸ್ ಕೊಡಲ್ಲ, ನಾಕಿಂಚೂ ವಾಪಸ್ ಕೊಡಲ್ಲ. ನಂಗೆ ಬೇಕಾಗಿರೋದು ಹದಿನೆಂಟರೊಳಗೆ. ಒಂದಿಂಚು ಸಾಕು, ಕೊಡು."

ಆ ಹದಿನೆಂಟು ಅವನು ದಾರಿಯಲ್ಲಿ ಬೆರಳು ಮಡಿಸಿ ಎಣಿಸಿದ್ದು. ಗಂಟೆಗೆ ಎರಡು ಸಾವಿರ ಲೀಟರು ಬೇಕು, ಅಂದರೆ ಇನ್ನೂರು ಬಕೆಟ್ಟು. ಅಂದರೆ ಬಕೆಟ್ಟಿಗೆ ಹದಿನೆಂಟೇ ಸೆಕೆಂಡು.

ಇನ್ನು ಎಲ್ಬೋಗಳ ಪಾಡು. ಒಂದೊಂದು ಎಲ್ಬೋದಲ್ಲೂ ನೀರು ಗೋಡೆಗೆ ಹಣೆ ಚಚ್ಚಿಕೊಂಡು ತಿರುಗಬೇಕು. ಅಂಟು ಹಾಕಿದರೆ ಒಣಗಲು ಹೊತ್ತು ಬೇಕು, ಹಸಿ ಅಂಟು ನೀರಿಗೆ ಸೇರಿದರೆ ಮೀನಿಗೆ ವಿಷ. ಗುತ್ಯಪ್ಪ ಪೈಪು ಹೆಗಲಿಗೇರಿಸಿಕೊಂಡು ಪಕ್ಕದ ಚಹಾದಂಗಡಿಗೆ ಹೋದ. ಪೈಪಿನೊಳಗೆ ಮರಳು ತುಂಬಿ, ಎರಡೂ ಕಡೆ ಬಟ್ಟೆ ತುರುಕಿದ. ಒಲೆಯ ಉರಿಯ ಮೇಲೆ ಹಪ್ಪಳ ಸುಡುವ ಹಾಗೆ ತಿರುಗಿಸುತ್ತ ಕೂತ. ಹದ ಬಂದೊಡನೆ ಮೊಣಕಾಲಿಗೆ ಕೊಟ್ಟು ನಿಧಾನವಾಗಿ ಬಾಗಿಸಿ, ಒದ್ದೆ ಬಟ್ಟೆ ಸುತ್ತಿದ. ಒಳಗಿದ್ದ ಮರಳಿನಿಂದ ಪೈಪು ಎಲ್ಲೂ ಚಪ್ಪಟೆಯಾಗಲಿಲ್ಲ. ಮೊದಲನೆಯದು ಸೊಟ್ಟಗಾಗಿ ಎಸೆಯಬೇಕಾಯಿತು. ಎರಡನೆಯದಕ್ಕೆ ಬೆರಳು ಸುಟ್ಟುಕೊಂಡ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ದೊಡ್ಡ ದೊಡ್ಡ ಬಾಗಿನ ಮೂರು ತುಂಡು ತಯಾರಾದವು. ವನಜಮ್ಮ ಊಟಕ್ಕೆ ಬಾ ಎಂದು ಎರಡು ಸಲ ಫೋನು ಮಾಡಿದಳು. ಮೂರನೇ ಸಲ ಊಟವನ್ನೇ ಕಳಿಸಿದಳು, ಡಬ್ಬಿ ಮುಚ್ಚಿದ ಹಾಗೇ ಉಳಿಯಿತು.

ಭಾನುವಾರ ಅಷ್ಟು ಚಂದವಾಗಿ ಕೂರಿಸಿದ್ದ ಪೈಪನ್ನು ಅವನೇ ಗರಗಸದಲ್ಲಿ ಕೊಯ್ದು ತೆಗೆದ. ಹೊಸ ತುಂಡುಗಳನ್ನು ಎರಡೆರಡು ಸಲ ತೊಳೆದು, ಮಧ್ಯೆ ದಪ್ಪ ರಬ್ಬರ್ ಹೋಸಿನ ಗೇಣುದ್ದ ಚೂರು ಸಿಕ್ಕಿಸಿ, ಕ್ಲಿಪ್ ಬಿಗಿದ. ಪಂಪಿನ ಬಾಯಿ ದಾಟಿದ ಕೂಡಲೇ ಒಂದಿಂಚು, ತೊಟ್ಟಿಯವರೆಗೂ ಒಂದಿಂಚು, ತುದಿಯಲ್ಲೂ ಒಂದಿಂಚು. ತುದಿಗೆ ಬಂದಾಗ ಅವನ ಕೈ ಅಭ್ಯಾಸ ಬಲದಿಂದ ಚೀಲದೊಳಗಿನ ಸಣ್ಣ ತುಂಡಿಗೆ ಹೋಯಿತು. ಹೋದ ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದ.

ಸ್ವಿಚ್ ಹಾಕಿದರೆ ನೀರು ಹಾರಲೇ ಇಲ್ಲ. ಪೈಪಿನ ಬಾಯಿಂದ ದಪ್ಪಗೆ ಮಡಿಸಿಕೊಂಡು, ಸದ್ದಿಲ್ಲದೆ ತೊಟ್ಟಿಯೊಳಗೆ ಇಳಿಯಿತು.

"ಇದೇನಪಾ, ಎಮ್ಮಿ ಮಲಗಿದಂಗ ಬೀಳಾಕತ್ತೈತಿ," ಎಂದ ಜಯಪ್ಪ. ಅವನ ಹಲ್ಲು ಕಿತ್ತಾಗಿತ್ತು. ಬಾಯಲ್ಲಿ ಹತ್ತಿ ಇತ್ತು, ಆದರೂ ಊರಿಗೆ ಹೋಗದೆ ಕೂತಿದ್ದ.

ಗುತ್ಯಪ್ಪ ಬಕೆಟ್ ಹಿಡಿದ. ರಮ್ಯ ಎಣಿಸಿದಳು. ಹದಿನೇಳು. ಇನ್ನೊಮ್ಮೆ ಹಿಡಿಯಿರಿ ಎಂದರು ಡಾಕ್ಟರು. ಮತ್ತೆ ಹದಿನೇಳು.

ಮೀನುಗಳಿಗೆ ಈ ಎಣಿಕೆ ತಿಳಿಯಲಿಲ್ಲ, ಮೇಲೆಯೇ ಇದ್ದವು. ಅರ್ಧ ಗಂಟೆ ಕಳೆಯಿತು. ತೊಟ್ಟಿಯ ಮೂಲೆಯಲ್ಲಿದ್ದ ಗಿಡದ ಎಲೆಗಳು ಮೆಲ್ಲಗೆ ಅಲುಗಾಡತೊಡಗಿದವು. ಒಂದು ಸಣ್ಣ ಬಿಳಿ ಮೀನು ಮೂತಿ ಇಳಿಸಿ ಕೆಳಗೆ ಹೋಯಿತು. ಆಮೇಲೆ ಎರಡು ಒಟ್ಟಿಗೆ ಹೋದವು. ಡಾಕ್ಟರು ಒಳಗಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರನ್ನು ಹಾಗೇ ಬಿಟ್ಟು ಎರಡು ಸಲ ಬಂದು ನೋಡಿದರು. ಐದು ಗಂಟೆಯ ಹೊತ್ತಿಗೆ ಎಂಟು ಮೀನು ಕೆಳಗಿದ್ದವು. ಎಲ್ಲಕ್ಕಿಂತ ದೊಡ್ಡದಾದ ಕೇಸರಿ ಮೀನು ಮಾತ್ರ ಮೇಲೆಯೇ ಉಳಿದಿತ್ತು, ಒಂದು ಕಡೆಗೆ ಸ್ವಲ್ಪ ವಾಲಿಕೊಂಡು.

ಅಷ್ಟು ಸಾಕು, ಮನೆಗೆ ಹೋಗಿ ಊಟ ಮಾಡಿ ಎಂದು ಡಾಕ್ಟರು ಎಷ್ಟೋ ಹೇಳಿದರು.

"ಒಂಬತ್ತು ಅಂದಿದ್ದೆ," ಎಂದ ಗುತ್ಯಪ್ಪ, ಕಣ್ಣು ತೆಗೆಯದೆ.

ಜಯಪ್ಪ ಅವನ ಪಕ್ಕಕ್ಕೆ ಸರಿದು ಕೂತ.  ಶಿಕಾರಿಪುರದ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು, ಜಯಪ್ಪ ಏಳಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ಕೇಸರಿ ಮೀನು ಮೈಯನ್ನು ನೆಟ್ಟಗೆ ಮಾಡಿಕೊಂಡಿತು. ಬಾಲವನ್ನು ಒಮ್ಮೆ ಆಡಿಸಿ, ಇಳಿಯುವ ನೀರಿನ ಕಡೆಗೆ ಹೋಗಿ ಅದರೆದುರು ಮುಖ ಕೊಟ್ಟು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ ತಳದ ಕಲ್ಲುಗಳವರೆಗೆ ಇಳಿಯಿತು, ಅಲ್ಲಿ ಏನನ್ನೋ ಬಾಯಲ್ಲಿ ಹೆಕ್ಕಿ ಉಗಿಯಿತು.

ಗುತ್ಯಪ್ಪ ಮಂಡಿ ಹಿಡಿದುಕೊಂಡು ಮೇಲೆದ್ದ.