ಹುಳುಮನೆಯಲ್ಲಿ ಸೊಳ್ಳೆ ಸ್ಪ್ರೇ

ಇವತ್ತು ಬೆಳಿಗ್ಗೆ ಪಕ್ಕದ ಅಡ್ವೆಂಚರ್ ಕ್ಯಾಂಪಿಗೆ ಬಂದಿದ್ದ ಅತಿಥಿಯೊಬ್ಬರು ಹಗ್ಗ ಹಿಡಿದು ಬಂಡೆ ಇಳಿದವರೇ ಸೀದಾ ನಮ್ಮ ರೇಷ್ಮೆ ಹುಳುಮನೆಗೆ ನುಗ್ಗಿದರು ಗೆಳೆಯರೇ. ಹುಳುವಿನ ತಟ್ಟೆಗಳ ಪಕ್ಕ ನಿಂತು ಮೈಗೆಲ್ಲ ಸೊಳ್ಳೆ ಸ್ಪ್ರೇ ಹೊಡೆದುಕೊಂಡರು, ಸೆಲ್ಫಿಗೆ ಮುಂಚೆ.

“ಆಚೆ ಬಾರಪ್ಪಾ! ಆ ವಾಸ್ನೆಗೆ ಹುಳ ಸತ್ತೋಗ್ತವೆ” ಎಂದು ಅಮ್ಮ ಕೂಗಿದರು. ಹುಳು ಇರುವಷ್ಟು ದಿನ ದೇವರಿಗೆ ಊದುಬತ್ತಿಯನ್ನೂ ಹಚ್ಚದವರು ಅವರು.

“ಇದು ಹರ್ಬಲ್ ಆಂಟಿ, ಮಕ್ಕಳಿಗೂ ಹಾಕ್ತೀವಿ.”

ಮಧ್ಯಾಹ್ನಕ್ಕೆ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು, ಸಂಜೆಗೆ ಅಲುಗಾಡಲಿಲ್ಲ. ನಾಳಿದ್ದು ಗೂಡು ಕಟ್ಟಬೇಕಿತ್ತು. ಅಮ್ಮ ಅವನ್ನು ಮೊರಕ್ಕೆ ತುಂಬಿ ಹೊರಗೆ ಒಯ್ದರು.

ಪರಿಹಾರ ಕೇಳಲು ಹೋದರೆ ಕ್ಯಾಂಪಿನ ಮ್ಯಾನೇಜರ್, ಬಂಡೆ ಇಳಿಯುವ ಮುಂಚೆ ಅತಿಥಿ ಸಹಿ ಹಾಕಿದ್ದ ಕಾಗದ ತೋರಿಸಿದರು: “ಏನೇ ಆದ್ರೂ ನಾವು ಹೊಣೆ ಅಲ್ಲ ಸಾರ್.”

ಸರಿಯೇ. ಸಹಿ ಹಾಕಿದವರಿಗೆ ಏನೂ ಆಗಿಲ್ಲ.