ಮೂವರು ಯಲ್ಲಯ್ಯರ ಗೋಡೆ

ಹುಳಿಮಾವು ಕೆರೆ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೇಂಟರ್ ಯಲ್ಲಯ್ಯ ಏಣಿ ಹತ್ತಿ ಗೋಡೆಯ ಮೇಲೆ ಒಂದೇ ಹೆಸರನ್ನು ಮೂರು ಕಡೆ ಬರೆಯುತ್ತಿದ್ದಾರೆ. ತಮಾಷೆಯೆಂದರೆ ಅದೂ ಯಲ್ಲಯ್ಯ ಎಂದೇ.

ಹಳೇ ಊರಿನಲ್ಲಿ ಹೆಸರು ಮಾಡಿದ ಯಲ್ಲಯ್ಯರು ಮೂವರು. ಒಬ್ಬರು ಕುಸ್ತಿ ಪೈಲ್ವಾನರು, ಇನ್ನೊಬ್ಬರು ಚಾವಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರು. ಮತ್ತೊಬ್ಬರು ಕೆರೆ ನೀರು ನೋಡಿಕೊಳ್ಳುತ್ತಿದ್ದ ನೀರುಗಂಟಿ. ಮಹಾಮಳೆಯಲ್ಲಿ ತೂಬು ತೆಗೆದು ಏರಿ ಉಳಿಸಿದವರು. ಯಾರದ್ದೂ ಫೋಟೊ ಇಲ್ಲ. ಹೆಸರಿನ ಕೆಳಗೆ ಬದುಕಿನ ನಾಲ್ಕು ಸಾಲು, ಅಷ್ಟೇ. ಪ್ರತಿ ರಾಜ್ಯೋತ್ಸವಕ್ಕೆ ಗೋಡೆ ಹೊಸದಾಗುತ್ತದೆ, ಮೂರೂ ಮನೆಯವರು ಬಂದು ತಮ್ಮ ತಮ್ಮ ಹಿರಿಯರಿಗೆ ಹಾರ ಹಾಕುತ್ತಾರೆ.

"ಫ್ಲೆಕ್ಸ್ ಬಂದ್ಮೇಲೆ ಬೋರ್ಡ್ ಕೆಲ್ಸ ಹೋಯ್ತು ಸಾರ್. ಕತ್ರಿಗುಪ್ಪೆ ಕಡೆ ಶಟರ್‌ಗೆ ಬಣ್ಣ ಹೊಡೀತೀನಿ. ಅಕ್ಷರ ಬರೆಯೋದು ಅಂದ್ರೆ ಇದೊಂದೇ ಈಗ" ಎನ್ನುತ್ತಾರೆ ಯಲ್ಲಯ್ಯ.

ಹೆಸರು ಮೊದಲು, ಕಥೆ ಆಮೇಲೆ. ಇದು ಅವರ ಪದ್ಧತಿ. ಇವತ್ತು ಗೋಡೆಯ ತೂಬಿನ ಕಡೆಯ ಸುಣ್ಣ ಇನ್ನೂ ಆರಿಲ್ಲವೆಂದು ಇನ್ನೊಂದು ತುದಿಯಿಂದ ಕಥೆ ಶುರು ಮಾಡಿದ್ದಾರೆ. ಆದರೆ ಕೈ ರೂಢಿ ಬಿಡುತ್ತದೆಯೇ? ಪ್ರತಿ ವರ್ಷ ತೂಬಿನ ಪಕ್ಕದ ನೀರುಗಂಟಿಯೇ ಮೊದಲು; ಇವತ್ತೂ ಮೊದಲು ನೀರುಗಂಟಿಯ ಕಥೆಯನ್ನೇ ಬರೆದಿದೆ. ಕೊನೆಗೆ, ಸುಣ್ಣ ಆರಿದ ಮೇಲೆ, ತೂಬಿನ ಪಕ್ಕ ಬಂದದ್ದು ಮೇಷ್ಟ್ರ ಕಥೆ.

ತಮ್ಮ ಹೂವಿನಂಗಡಿ ತೆರೆಯುವ ಮೊದಲೇ ಹಾರ ಹಿಡಿದು ಬಂದ ಸೊಣ್ಣಮ್ಮ ಗೋಡೆ ನೋಡಿ ನಿಂತುಬಿಡುತ್ತಾರೆ. ನೀರುಗಂಟಿಯ ಮೊಮ್ಮಗಳು ಆಕೆ.

"ಏನಪ್ಪಾ ಇದು, ನಮ್ ತಾತನ್ನ ಆ ತುದಿಗೆ ಹಾಕಿದ್ದೀಯ?"

"ಕಥೆ ಸರಿಯಾಗೈತಲ್ಲಕ್ಕಾ, ಜಾಗ ಯಾವ್ದಾದ್ರೇನು?"

"ತೂಬಿಗೆ ಇಳಿದೋರು ಮೇಲೆ ಬರ್ಲಿಲ್ಲ ಕಣಪ್ಪ. ಹೆಣಾನೂ ಸಿಗ್ಲಿಲ್ಲ. ನಮಗೆ ಸಮಾಧಿ ಅಂದ್ರೆ ಇದೇ ಜಾಗ."

ಇಷ್ಟು ವರ್ಷ ಬರೆದರೂ ಯಲ್ಲಯ್ಯನವರಿಗೆ ಇದು ಗೊತ್ತಿರಲಿಲ್ಲ. ಬಟ್ಟೆಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಎರಡೂ ಕಥೆ ಒರೆಸುತ್ತಾರೆ. ವಾಕಿಂಗ್‌ನವರು ನಿಂತು ನೋಡುತ್ತಾರೆ, ಪುಕ್ಕಟೆ ಸಲಹೆಯನ್ನೂ ಕೊಡುತ್ತಾರೆ. ಬಿಸಿಲೇರುವ ಹೊತ್ತಿಗೆ ನೀರುಗಂಟಿ ತೂಬಿನ ಪಕ್ಕಕ್ಕೆ ವಾಪಸ್.

ಬಣ್ಣ ಇನ್ನೂ ಹಸಿ. ಸೊಣ್ಣಮ್ಮ ಅಂಗಡಿ ಮರೆತು, ಹಾರವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂರುತ್ತಾರೆ.

ಮೂಲೆಯಲ್ಲಿ ನಿಮ್ಮ ಹೆಸರೂ ಹಾಕಬಹುದಲ್ಲ ಎಂದರೆ ಯಲ್ಲಯ್ಯ ನಗುತ್ತಾರೆ. "ಬೇಡ ಸಾರ್. ನಾಲ್ಕನೆಯೋನು ಯಾರು ಅಂತ ಜನ ತಲೆ ಕೆಡಿಸ್ಕೋತಾರೆ. ಅವ್ರವ್ರ ಹೂವು ಅವ್ರವ್ರಿಗೆ ಸೇರಿದ್ರೆ ಸಾಕು."

ಇದನ್ನು ಕೇಳಿಸಿಕೊಂಡ ಸೊಣ್ಣಮ್ಮ ಹಾರದ ತುದಿಯಿಂದ ಒಂದು ಎಳೆ ಕಿತ್ತು ಏಣಿಗೆ ಕಟ್ಟುತ್ತಾರೆ.

"ನನಗ್ಯಾಕಕ್ಕಾ ಹೂವು? ನಾನಿನ್ನೂ ಬದುಕಿದ್ದೀನಿ."

"ಅದಕ್ಕೇ ಕಣಪ್ಪ" ಎನ್ನುತ್ತಾರೆ ಸೊಣ್ಣಮ್ಮ.